ನರಮನೋವಿಜ್ಞಾನದ ತರಬೇತಿಗೆ ಸಿದ್ಧರಾಗುವುದು ಹೇಗೆ?



ಸೇಲಂ, ಧರ್ಮಪುರಿಯ ಕಡೆಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋದವರಿಗೆಲ್ಲ ಹೊಸೂರು ರಸ್ತೆ ಚೆನ್ನಾಗಿ ಗೊತ್ತು. ಆ ರಸ್ತೆ ನಗರದೊಳಕ್ಕೆ ಸೇರಿದ ಮೇಲೆ ಮರಗಳ ನಡುವೆ ಒಂದು ದೊಡ್ಡ ಆಸ್ಪತ್ರೆಯ ಆವರಣ ಸಿಗುತ್ತದೆ. ಅದೇ ನಿಮ್ಹಾನ್ಸ್, ಅಂದರೆ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ನಮ್ಮ ಕಡೆಯವರು ಅಲ್ಲಿಗೆ ಎಷ್ಟೋ ವರ್ಷಗಳಿಂದ ಹೋಗುತ್ತಿದ್ದಾರೆ. ತಲೆಗೆ ಪೆಟ್ಟು ಬಿದ್ದವರು, ಮೂರ್ಛೆರೋಗದವರು, ಲಕ್ವ ಹೊಡೆದವರು, ಅವರ ಜೊತೆಯಲ್ಲಿ ಬುತ್ತಿ ಕಟ್ಟಿಕೊಂಡು ಹೋಗುವ ಮನೆಯವರು. ಅದೇ ಬಾಗಿಲಿನಿಂದ ನಮ್ಮ ಮಕ್ಕಳು ಕಲಿಯುವವರಾಗಿ ಒಳಗೆ ಹೋಗುವುದು ಹೇಗೆ? ಇಂದು ನಾನು ಹೇಳಬೇಕೆಂದಿರುವುದು ಈ ವಿಷಯವನ್ನು.

ವೈದ್ಯರಾಗುವ ದಾರಿ ಎಲ್ಲರಿಗೂ ಗೊತ್ತು. ನಾನು ಹೇಳುವುದು ಇನ್ನೊಂದು ದಾರಿ. ಅದರ ಹೆಸರು ಕ್ಲಿನಿಕಲ್ ನ್ಯೂರೋಸೈಕಾಲಜಿ. ಕನ್ನಡದಲ್ಲಿ ಚಿಕಿತ್ಸಾ ನರಮನೋವಿಜ್ಞಾನ ಎನ್ನಬಹುದು. ಹೆಸರು ಉದ್ದವಾಯಿತು, ಆದರೆ ಕೆಲಸ ಅರ್ಥವಾಗದಂಥದ್ದಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ತೊಪ್ಪೂರು ಘಾಟಿಯಲ್ಲಿ ಆಗುವ ಅಪಘಾತಗಳ ಸುದ್ದಿಯನ್ನು ನಾವು ಆಗಾಗ ಓದುತ್ತೇವೆ. ಅಂಥ ಒಂದು ಅಪಘಾತದಲ್ಲಿ ಒಬ್ಬ ಯುವಕನ ತಲೆಗೆ ಪೆಟ್ಟಾಯಿತು ಎಂದುಕೊಳ್ಳಿ. ಶಸ್ತ್ರಚಿಕಿತ್ಸೆ ಆಯಿತು, ಜೀವ ಉಳಿಯಿತು, ಗಾಯ ಮಾಯಿತು. ಊರಿಗೆ ಬಂದ. ನಡೆಯುತ್ತಾನೆ, ಮಾತಾಡುತ್ತಾನೆ, ಊಟ ಮಾಡುತ್ತಾನೆ. ಆದರೆ ಅಂಗಡಿಗೆ ಕಳುಹಿಸಿದರೆ ಮೂರು ಸಾಮಾನಿನಲ್ಲಿ ಒಂದನ್ನು ಮರೆತು ಬರುತ್ತಾನೆ. ಸಣ್ಣ ಮಾತಿಗೆ ಸಿಡುಕುತ್ತಾನೆ. ಹಿಡಿದ ಕೆಲಸವನ್ನು ಮುಗಿಸುವುದಿಲ್ಲ. ಮನೆಯವರು ಸೋಮಾರಿ ಎನ್ನುತ್ತಾರೆ, ನೆರೆಯವರು ಗಾಳಿ ಸೋಕಿದೆ ಎನ್ನುತ್ತಾರೆ. ನಿಜ ಸಂಗತಿ ಏನೆಂದರೆ, ಮಿದುಳಿನ ಮುಂಭಾಗಕ್ಕೆ ಪೆಟ್ಟಾದಾಗ ಯೋಜನೆ ಮಾಡುವ, ತಡೆದುಕೊಳ್ಳುವ, ಗಮನವಿಡುವ ಶಕ್ತಿ ಕುಂದಬಹುದು. ಸ್ಕ್ಯಾನಿನ ಚಿತ್ರ ಪೆಟ್ಟು ಎಲ್ಲಿದೆ ಎಂದು ತೋರಿಸುತ್ತದೆ. ಆ ಪೆಟ್ಟಿನಿಂದ ಈ ಮನುಷ್ಯನಿಗೆ ಯಾವ ಕೆಲಸ ಕಷ್ಟವಾಗಿದೆ, ಯಾವುದು ಉಳಿದಿದೆ, ಉಳಿದಿರುವುದನ್ನು ಹಿಡಿದು ಕಳೆದುಹೋದದ್ದನ್ನು ಎಷ್ಟು ತುಂಬಬಹುದು ಎಂದು ಹೇಳಲು ಚಿತ್ರವೊಂದೇ ಸಾಲದು. ಅದನ್ನು ಅಳೆದು ನೋಡುವವರು, ನೋಡಿ ದಾರಿ ತೋರುವವರು ನರಮನೋವಿಜ್ಞಾನಿಗಳು.

ಈ ವಿದ್ಯೆಗೆ ಹಿಂದಿನ ಕಥೆ ದೊಡ್ಡದು. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ, ಮಾತು ಕಳೆದುಕೊಂಡಿದ್ದ ಒಬ್ಬ ರೋಗಿಯ ಮಿದುಳನ್ನು ಅವನ ಮರಣದ ನಂತರ ಪರೀಕ್ಷಿಸಿ, ಎಡಭಾಗದ ಮುಂದಿನ ಹಾಲೆಗೆ ಹಾನಿಯಾಗಿರುವುದನ್ನು ತೋರಿಸಿದರು. ಎರಡನೆಯ ಮಹಾಯುದ್ಧದಲ್ಲಿ ತಲೆಗೆ ಗುಂಡು ತಗಲಿದ ಸೈನಿಕರನ್ನು ರಷ್ಯಾದ ಅಲೆಕ್ಸಾಂಡರ್ ಲೂರಿಯಾ ವರ್ಷಗಟ್ಟಲೆ ನೋಡಿ, ಹಾಳಾದ ಶಕ್ತಿಯನ್ನು ಬೇರೆ ಹಾದಿಯಿಂದ ಮರಳಿ ಕಟ್ಟುವ ವಿಧಾನ ರೂಪಿಸಿದರು.

ನಮ್ಮ ಕನ್ನಡನಾಡಿನಲ್ಲೂ ಇದಕ್ಕೆ ಬೇರು ಉಂಟು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗವನ್ನು ಆರಂಭಿಸಿದವರು ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿ. ಅವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಶಿಷ್ಯರು. ರೇಡಿಯೋ ಕೇಳುವ ನಮಗೆ ಅವರ ಹೆಸರು ಇನ್ನೊಂದು ಕಾರಣಕ್ಕೂ ಹತ್ತಿರ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಬಾನುಲಿ ನಿಲಯ ನಡೆಸಿದವರೂ ಅವರೇ. ಮನಸ್ಸನ್ನು ಅಳೆಯುವ ವಿದ್ಯೆಯೂ ಮನೆಮನೆಗೆ ಮಾತು ಮುಟ್ಟಿಸುವ ವಿದ್ಯೆಯೂ ಒಬ್ಬರೇ ಪ್ರಾಧ್ಯಾಪಕರ ಕೈಯಲ್ಲಿ ಬೆಳೆದವು. ಮುಂದೆ 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮರುವರ್ಷವೇ ಅಲ್ಲಿ ಚಿಕಿತ್ಸಾ ಮನೋವಿಜ್ಞಾನದ ತರಬೇತಿ ಶುರುವಾಯಿತು. 1974ರಲ್ಲಿ ಆ ಸಂಸ್ಥೆಯೂ ಪಕ್ಕದ ಮಾನಸಿಕ ಆಸ್ಪತ್ರೆಯೂ ಸೇರಿ ನಿಮ್ಹಾನ್ಸ್ ಆಯಿತು. ನರಮನೋವಿಜ್ಞಾನವನ್ನು ಅಲ್ಲಿ ಬೆಳೆಸಿದವರಲ್ಲಿ ಸಿ. ಆರ್. ಮುಕುಂದನ್, ಶೋಭಿನಿ ರಾವ್ ಮುಖ್ಯರು. ನಮ್ಮ ಜನರ ವಯಸ್ಸು, ಲಿಂಗ, ವಿದ್ಯಾಭ್ಯಾಸಗಳಿಗೆ ತಕ್ಕ ಅಳತೆಗೋಲುಗಳಿರುವ ಪರೀಕ್ಷಾ ಸರಣಿಯೊಂದನ್ನು ಶೋಭಿನಿ ರಾವ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದರು. ಓದುಬರಹ ತಿಳಿಯದವರನ್ನು ಕಾಲೇಜು ಓದಿದವರ ಜೊತೆ ಹೋಲಿಸಿ ದಡ್ಡರೆಂದು ಬರೆಯುವ ಅನ್ಯಾಯ ಅದರಿಂದ ಕಡಿಮೆಯಾಯಿತು.

ಈಗ ದಾರಿಯ ವಿಚಾರಕ್ಕೆ ಬರೋಣ.

ಮೊದಲು ತಿಳಿಯಬೇಕಾದದ್ದು, ಭಾರತದಲ್ಲಿ ನರಮನೋವಿಜ್ಞಾನಿ ಎಂಬ ಬೇರೆ ನೋಂದಣಿ ಇಲ್ಲ. ಮೊದಲು ಚಿಕಿತ್ಸಾ ಮನೋವಿಜ್ಞಾನಿಯಾಗಬೇಕು, ಆಮೇಲೆ ಪಿಎಚ್.ಡಿ.ಯಿಂದಲೋ ವಿಶೇಷ ತರಬೇತಿಯಿಂದಲೋ ಮಿದುಳಿನ ಕಡೆಗೆ ತಿರುಗಬೇಕು. ಚಿಕಿತ್ಸಾ ಮನೋವಿಜ್ಞಾನಿ ಎಂದು ಕರೆಸಿಕೊಳ್ಳಲು ಮನಃಶಾಸ್ತ್ರದ ಸ್ನಾತಕೋತ್ತರ ಪದವಿಯ ನಂತರ, ಆಸ್ಪತ್ರೆಯಲ್ಲಿ ಹಿರಿಯರ ಕೈಕೆಳಗೆ ಎರಡು ವರ್ಷ ಪೂರ್ಣಾವಧಿ ಕಲಿತು ಎಂ.ಫಿಲ್. ಪಡೆದಿರಬೇಕು ಎಂಬುದು ಬಹುಕಾಲದ ನಿಯಮ. 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಇದನ್ನೇ ಹೇಳುತ್ತದೆ. ಈ ಕೋರ್ಸಿಗೆ ಮಾನ್ಯತೆ ಕೊಡುವುದು 1992ರ ಕಾಯಿದೆಯಿಂದ ಬಂದ ಭಾರತೀಯ ಪುನರ್ವಸತಿ ಪರಿಷತ್ತು. ಕಲಿತು ಮುಗಿಸಿದವರ ಹೆಸರು ಅದರ ಕೇಂದ್ರ ದಾಖಲೆಯಲ್ಲಿ ಸೇರುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳು. ಹೊಸ ಶಿಕ್ಷಣ ನೀತಿಯ ನಂತರ ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2022ರಲ್ಲಿ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿತು. ಆದರೆ ಚಿಕಿತ್ಸಾ ಮನೋವಿಜ್ಞಾನಕ್ಕೆ 2025–26ನೇ ಸಾಲಿನ ಪ್ರವೇಶದವರೆಗೆ ಅವಕಾಶ ಕೊಟ್ಟಿತು. ಪುನರ್ವಸತಿ ಪರಿಷತ್ತು ಹೊಸ ಪಠ್ಯಕ್ರಮಗಳನ್ನೂ ರೂಪಿಸಿದೆ. ಆದ್ದರಿಂದ ಅಕ್ಕನೋ ಅಣ್ಣನೋ ಹೋದ ದಾರಿಯನ್ನೇ ಕಣ್ಣುಮುಚ್ಚಿ ಹಿಡಿಯಬೇಡಿ. ನೀವು ಅರ್ಜಿ ಹಾಕುವ ವರ್ಷದ ಪ್ರಕಟಣೆಯನ್ನು ಮೊದಲಿಂದ ಕೊನೆಯವರೆಗೆ ಓದಿ. ಎರಡನೆಯದು, ಅಂಚೆ ಶಿಕ್ಷಣ. ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು ಮನೆಯಲ್ಲೇ ಕುಳಿತು ಮನಃಶಾಸ್ತ್ರದ ಪದವಿ ಪಡೆದರು. ಆದರೆ 2025ರ ಜುಲೈ–ಆಗಸ್ಟ್ ಪ್ರವೇಶದಿಂದ ಮನಃಶಾಸ್ತ್ರವನ್ನು ದೂರಶಿಕ್ಷಣದಲ್ಲಿಯೂ ಆನ್‌ಲೈನಿನಲ್ಲಿಯೂ ಕಲಿಸಬಾರದೆಂದು ಆಯೋಗ ತಡೆ ಹಾಕಿದೆ. ಈಗ ಸೇರುವವರು ಕಾಲೇಜಿಗೆ ಹೋಗಿಯೇ ಓದಬೇಕು. ಇದಕ್ಕೆ ದೂರ ಹೋಗಲೇಬೇಕೆಂದಿಲ್ಲ. 1997ರಲ್ಲಿ ಸ್ಥಾಪನೆಯಾದ ಸೇಲಂನ ಪೆರಿಯಾರ್ ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗ ಉಂಟು. ಬೆಂಗಳೂರು, ಮೈಸೂರುಗಳಲ್ಲೂ ಉಂಟು. ಸ್ನಾತಕೋತ್ತರ ಪದವಿಯಲ್ಲಿ ಶೇಕಡಾ 55 ಅಂಕ ಕೇಳುವುದು ವಾಡಿಕೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ರಿಯಾಯಿತಿ ಇರುತ್ತದೆ. ಮೂರೇ ತಿಂಗಳಲ್ಲಿ ನರಮನೋವಿಜ್ಞಾನಿ ಮಾಡುತ್ತೇವೆ ಎನ್ನುವ ಜಾಹೀರಾತುಗಳಿಗೆ ಹಣ ಕಟ್ಟುವ ಮುಂಚೆ, ಪರಿಷತ್ತಿನ ಮಾನ್ಯತೆ ಇದೆಯೇ ಎಂದು ನೋಡಿಕೊಳ್ಳಿ.

ಅಂಕ ಬಂದರೆ ಸಾಕೆ? ಸಾಲದು. ಇರುವ ಸ್ಥಾನಗಳು ಕೆಲವೇ, ಅರ್ಜಿ ಹಾಕುವವರು ದೇಶದ ಎಲ್ಲ ಕಡೆಯಿಂದ ಬರುವವರು. ಅವರ ನಡುವೆ ನಿಲ್ಲಲು ನಾಲ್ಕು ಸಿದ್ಧತೆಗಳು ಬೇಕು.

ಮೊದಲನೆಯದು ಓದು. ಮಿದುಳಿನ ರಚನೆ, ಮನೋರೋಗಗಳ ಲಕ್ಷಣ, ಸಂಖ್ಯಾಶಾಸ್ತ್ರ, ಈ ಮೂರರಲ್ಲಿ ಗಟ್ಟಿಯಾಗಬೇಕು. ಕಲಾವಿಭಾಗದಿಂದ ಬಂದವರು ಮಿದುಳಿನ ಹೆಸರು ಕೇಳಿ ಹೆದರುತ್ತಾರೆ. ಹೆದರಬೇಕಿಲ್ಲ. ಬಿಳಿ ಹಾಳೆಯ ಮೇಲೆ ಮಿದುಳಿನ ಚಿತ್ರವನ್ನು ದಿನಕ್ಕೊಂದು ಸಲ ಬರೆದು ಹಾಲೆಗಳನ್ನೂ ರಕ್ತನಾಳಗಳನ್ನೂ ಗುರುತಿಸುತ್ತಾ ಬನ್ನಿ. ಎರಡು ತಿಂಗಳಲ್ಲಿ ಅದು ನಿಮ್ಮ ಊರಿನ ಬೀದಿಗಳಂತೆ ಪರಿಚಯವಾಗುತ್ತದೆ. ಲೂರಿಯಾ ಅವರ ‘ದಿ ವರ್ಕಿಂಗ್ ಬ್ರೈನ್’, ಮುರಿಯಲ್ ಲೆಜಾಕ್ ಅವರ ‘ನ್ಯೂರೋಸೈಕಲಾಜಿಕಲ್ ಅಸೆಸ್‌ಮೆಂಟ್’ ಈ ವಿದ್ಯೆಯ ಹೆಸರಾಂತ ಗ್ರಂಥಗಳು. ಕೊಳ್ಳಲು ದುಬಾರಿ. ಗ್ರಂಥಾಲಯದಲ್ಲಿ ಕುಳಿತು ಟಿಪ್ಪಣಿ ಮಾಡಿಕೊಳ್ಳಿ. ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲಿ ಇರುವುದರಿಂದ ಟಿಪ್ಪಣಿಯನ್ನೂ ಇಂಗ್ಲಿಷಿನಲ್ಲೇ ಬರೆಯುವ ಅಭ್ಯಾಸವಿರಲಿ.

ಎರಡನೆಯದು ಅನುಭವ. ಸ್ನಾತಕೋತ್ತರ ಓದಿನ ರಜೆಗಳಲ್ಲಿ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಕೆಲವು ವಾರ ಇಂಟರ್ನ್‌ಷಿಪ್ ಮಾಡುವ ಪದ್ಧತಿ ಇದೆ. ನಮ್ಮ ಕಡೆ ಸೇಲಂನಲ್ಲಿ, ಧರ್ಮಪುರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಬುದ್ಧಿಮಾಂದ್ಯ ಮಕ್ಕಳ ಶಾಲೆಗಳಿವೆ. ಕಾಲೇಜಿನಿಂದ ಪತ್ರ ಪಡೆದು, ಮೊದಲೇ ಕೇಳಿ ಅನುಮತಿ ಪಡೆದು ಹೋಗಿ. ಅಲ್ಲಿ ನೀವು ಮಾಡುವ ಮುಖ್ಯ ಕೆಲಸ ನೋಡುವುದು ಮತ್ತು ಕೇಳುವುದು. ರೋಗಿಯ ಮನೆಯವರ ಬಾಯಿಂದ ರೋಗದ ಚರಿತ್ರೆಯನ್ನು ಕ್ರಮವಾಗಿ ಕೇಳಿ ಬರೆಯಲು ಕಲಿತರೆ ಅದೇ ದೊಡ್ಡ ಸಂಪಾದನೆ. ಪೆಟ್ಟು ಬಿದ್ದದ್ದು ಯಾವಾಗ, ಎಚ್ಚರ ತಪ್ಪಿತ್ತೇ, ಎಷ್ಟು ಹೊತ್ತು, ಮೊದಲು ಏನು ಕೆಲಸ ಮಾಡುತ್ತಿದ್ದರು, ಯಾವ ಕೈ ರೂಢಿಯ ಕೈ, ಎಷ್ಟು ಓದಿದ್ದಾರೆ, ಮನೆಯಲ್ಲಿ ಯಾವ ಮಾತು ಆಡುತ್ತಾರೆ. ರೋಗಿಯ ಹೆಸರು, ಊರು ನಿಮ್ಮ ಪುಸ್ತಕದಲ್ಲಿರಬಾರದು, ನಿಮ್ಮ ಬಾಯಲ್ಲೂ ಇರಬಾರದು. ಪರೀಕ್ಷೆಯ ಸಾಮಗ್ರಿಯನ್ನು ನಕಲು ಮಾಡಿ ಮನೆಗೆ ತರುವುದೂ ತಪ್ಪು. ಪ್ರಶ್ನೆ ಊರೆಲ್ಲ ಹರಡಿದರೆ ಆ ಪರೀಕ್ಷೆಗೆ ಬೆಲೆ ಇರುವುದಿಲ್ಲ.

ಮೂರನೆಯದು ಒಂದು ಸಣ್ಣ ಸಂಶೋಧನೆ. ಸ್ನಾತಕೋತ್ತರ ಪದವಿಗೆ ಬರೆಯುವ ಪ್ರಬಂಧವನ್ನು ಬಹಳ ಮಂದಿ ಕಾಟಾಚಾರಕ್ಕೆ ಮುಗಿಸುತ್ತಾರೆ. ನೂರು ಮಂದಿಗೆ ಪ್ರಶ್ನಾವಳಿ ಹಂಚಿ, ಯಾರಿಂದಲೋ ಲೆಕ್ಕ ಮಾಡಿಸಿ ಒಪ್ಪಿಸುತ್ತಾರೆ. ನೀವು ಹಾಗೆ ಮಾಡಬೇಡಿ. ಪ್ರಶ್ನೆ ಸಣ್ಣದಿರಲಿ, ಆದರೆ ನಿಮ್ಮದೇ ಆಗಿರಲಿ. ಏಕೆ ಈ ವಿಧಾನ, ಏಕೆ ಈ ಲೆಕ್ಕ, ಎಲ್ಲಿ ಕೊರತೆ ಉಳಿಯಿತು ಎಂದು ಎದುರಿಗೆ ಕುಳಿತವರಿಗೆ ನೀವೇ ವಿವರಿಸುವಂತಿರಬೇಕು.

ನಾಲ್ಕನೆಯದು ಭಾಷೆ. ಇದು ನಮ್ಮ ಕೈಯಲ್ಲೇ ಇರುವ ಸಂಪತ್ತು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಮಿದುಳಿನ ಪರೀಕ್ಷೆಗಳಲ್ಲಿ ಎಷ್ಟೋ ಭಾಗ ಮಾತಿನ ಮೂಲಕವೇ ನಡೆಯುತ್ತದೆ. ಹದಿನೈದು ಪದಗಳ ಪಟ್ಟಿಯನ್ನು ಐದು ಸಲ ಓದಿ ಹೇಳಿ, ಪ್ರತಿ ಸಲವೂ ನೆನಪಿರುವಷ್ಟು ಹೇಳಿಸುವುದು ಒಂದು ಪರೀಕ್ಷೆ. ಒಂದು ನಿಮಿಷದಲ್ಲಿ ‘ಕ’ದಿಂದ ಶುರುವಾಗುವ ಪದಗಳನ್ನು ಎಷ್ಟು ಹೇಳಬಲ್ಲರು ಎಂದು ನೋಡುವುದು ಇನ್ನೊಂದು. ಅಕ್ಷರ ಬಾರದವರಿಗೆ ಹೀಗೆ ಕೇಳುವುದು ಸರಿಯಲ್ಲ. ಅವರಿಗೆ ಪ್ರಾಣಿಗಳ ಹೆಸರು ಹೇಳಿ ಎನ್ನುತ್ತಾರೆ. ಈಗ ಸೇಲಂನ ಒಬ್ಬ ದೇವಾಂಗದ ತಾತನನ್ನು ನೆನೆದುಕೊಳ್ಳಿ. ಮನೆಮಾತು ಕನ್ನಡ, ಮಗ್ಗದ ಲೆಕ್ಕಾಚಾರ, ಸಂತೆಯ ವ್ಯವಹಾರ ತಮಿಳು. ಪ್ರಾಣಿಗಳ ಹೆಸರು ಹೇಳು ತಾತ ಎಂದರೆ ಅವರು ‘ನಾಯಿ, ಮಾಡು, ಕುದುರೆ, ಪೂನೈ’ ಎನ್ನಬಹುದು. ಕನ್ನಡ ಒಂದೇ ಬಲ್ಲವರಿಗೆ ‘ಮಾಡು’ ಎಂದರೆ ಏನೋ ಮಾಡು ಎಂದ ಹಾಗೆ ಕೇಳುತ್ತದೆ. ತಪ್ಪು ಎಂದು ಗುರುತು ಹಾಕುತ್ತಾರೆ. ಎರಡೂ ಬಲ್ಲವರಿಗೆ ಮಾತ್ರ ಗೊತ್ತು, ತಾತ ಹೇಳಿದ ನಾಲ್ಕೂ ಸರಿ ಎಂದು. ಅಳತೆಗೋಲು ತಪ್ಪಿದರೆ ಆರೋಗ್ಯವಂತರಿಗೆ ಮರೆವಿನ ರೋಗದ ಹಣೆಪಟ್ಟಿ ಬೀಳುತ್ತದೆ. ಇನ್ನೂ ಕೆಟ್ಟದ್ದೆಂದರೆ, ನಿಜವಾದ ರೋಗಿಯನ್ನು ‘ಭಾಷೆ ಬಾರದು, ಅಷ್ಟೆ’ ಎಂದು ಮನೆಗೆ ಕಳುಹಿಸಿಬಿಡಬಹುದು.

ಎರಡು ಮೂರು ಮಾತು ಆಡುವುದು ಹಿನ್ನಡೆ ಎಂದು ನಮ್ಮ ಮಕ್ಕಳು ತಿಳಿದಿದ್ದಾರೆ. ಹಾಗಲ್ಲ. ಡಾಕ್ಟರ್ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಮಂದಿ ಮರೆವಿನ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ಫಲಿತಾಂಶ ಲೋಕಪ್ರಸಿದ್ಧ. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ರೋಗ ಕಾಣಿಸಿಕೊಂಡದ್ದು ಸುಮಾರು ನಾಲ್ಕೂವರೆ ವರ್ಷ ತಡವಾಗಿ. ಓದುಬರಹ ಬಾರದವರಲ್ಲೂ ಈ ವ್ಯತ್ಯಾಸ ಕಂಡಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐದು ಭಾರತೀಯ ಭಾಷೆಗಳಲ್ಲಿ ಸಿದ್ಧಪಡಿಸಿದ ಪರೀಕ್ಷಾ ಸಂಗ್ರಹದಲ್ಲಿ ಕನ್ನಡವೂ ಒಂದು. ಇಂಥ ಕೆಲಸಕ್ಕೆ ಕನ್ನಡ, ತಮಿಳು, ತೆಲುಗು ಮೂರನ್ನೂ ಮನೆಯ ಅಂಗಳದಲ್ಲೇ ಕಲಿತ ಹೊಸೂರು, ಡೆಂಕಣಿಕೋಟೆ, ತಳಿಯ ಮಕ್ಕಳಿಗಿಂತ ಹೆಚ್ಚು ತಕ್ಕವರು ಯಾರು? ಅರ್ಜಿಯಲ್ಲಿ ಭಾಷೆಗಳ ಕಾಲಂ ಬಂದಾಗ ಸಂಕೋಚಪಡದೆ ಬರೆಯಿರಿ. ಆದರೆ ಪ್ರಾಮಾಣಿಕವಾಗಿ ಬರೆಯಿರಿ. ಮಾತಾಡಲು ಬರುವುದು ಯಾವುದು, ಓದಿ ಬರೆಯಲು ಬರುವುದು ಯಾವುದು ಎಂದು ಬೇರೆಬೇರೆಯಾಗಿ ತಿಳಿಸಿ. ಕನ್ನಡ ಮಾತು ಬಂದು ಅಕ್ಷರ ಬಾರದಿದ್ದರೆ ಈಗಲೇ ಕಲಿಯಿರಿ. ಮಾತು ಬರುವವರಿಗೆ ಅಕ್ಷರ ಕೆಲವು ವಾರಗಳ ಕೆಲಸ.

ಪ್ರಾಮಾಣಿಕತೆಯ ಮಾತು ಬಂದದ್ದರಿಂದ ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ನಾನು ಮೊದಲ ಸಲ ಇಂಥ ತರಬೇತಿಗೆ ಅರ್ಜಿ ಹಾಕಿದಾಗ, ನನಗೆ ತಿಳಿದ ಪರೀಕ್ಷೆಗಳೆಂದು ಆರು ಹೆಸರು ಬರೆದಿದ್ದೆ. ಪುಸ್ತಕದಲ್ಲಿ ಓದಿದ್ದೆ, ಅಷ್ಟೆ. ಸಂದರ್ಶನದಲ್ಲಿ ಹಿರಿಯರೊಬ್ಬರು ಒಂದರ ಮೇಲೆ ಬೆರಳಿಟ್ಟು, “ಇದನ್ನು ಎಷ್ಟು ಮಂದಿಗೆ ಮಾಡಿದ್ದೀರಮ್ಮಾ?” ಎಂದು ಮೃದುವಾಗಿ ಕೇಳಿದರು. ನನ್ನ ಬಾಯಿ ಒಣಗಿತು. ಒಬ್ಬರಿಗೂ ಮಾಡಿರಲಿಲ್ಲ. ಅವರು ಮುಂದೆ ಏನೂ ಕೇಳಲಿಲ್ಲ. ಆ ವರ್ಷ ನನಗೆ ಸ್ಥಾನ ಸಿಗಲಿಲ್ಲ. ಮರುವರ್ಷ ಎರಡೇ ಹೆಸರು ಬರೆದೆ, ‘ಮೇಲ್ವಿಚಾರಣೆಯಲ್ಲಿ ನೋಡಿ ಕಲಿತಿದ್ದೇನೆ’ ಎಂದು ಸೇರಿಸಿದೆ. ಆ ಎರಡರ ಬಗ್ಗೆ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಗೊತ್ತಿಲ್ಲದ ಒಂದಕ್ಕೆ ಗೊತ್ತಿಲ್ಲ ಎಂದೆ. ಅರ್ಜಿಯಲ್ಲಿರುವ ಪ್ರತಿ ಸಾಲಿನ ಹಿಂದೆ ಒಂದು ಪ್ರಶ್ನೆ ಕಾದು ಕುಳಿತಿರುತ್ತದೆ ಎಂಬ ಪಾಠ ನನಗೆ ಹೀಗೆ ಬಂತು.

ಸಂದರ್ಶನವಿದ್ದರೆ ಸಾಮಾನ್ಯವಾಗಿ ಕೇಳುವ ಪ್ರಶ್ನೆ, “ಈ ವಿಷಯವೇ ಏಕೆ?” ಎಂಬುದು. ‘ಜನಸೇವೆ ಮಾಡಬೇಕೆಂಬ ಆಸೆ’ ಎಂಬ ಉತ್ತರವನ್ನು ಅವರು ನೂರಾರು ಬಾಯಲ್ಲಿ ಕೇಳಿದ್ದಾರೆ. ನೀವು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳಿ. ಲಕ್ವ ಹೊಡೆದ ಮೇಲೆ ತಮಿಳು ಉಳಿದು ಕನ್ನಡ ತಡವರಿಸಿದ ಅಜ್ಜಿಯನ್ನು ನೀವು ನೋಡಿದ್ದರೆ, ಅದನ್ನು ಹೇಳಿ. ಅದು ಏಕೆ ಹಾಗಾಯಿತು ಎಂಬ ಪ್ರಶ್ನೆ ನಿಮ್ಮನ್ನು ಎಲ್ಲಿಗೆ ಕರೆದೊಯ್ಯಿತು ಎಂದು ಹೇಳಿ. ಶಿಫಾರಸು ಪತ್ರವನ್ನೂ ದೊಡ್ಡ ಹುದ್ದೆಯವರಿಂದ ಪಡೆಯುವುದಕ್ಕಿಂತ ನಿಮ್ಮ ಕೆಲಸವನ್ನು ಹತ್ತಿರದಿಂದ ನೋಡಿದ ಮೇಷ್ಟರಿಂದ ಪಡೆಯುವುದು ಮೇಲು.

ಒಂದೇ ಸಂಸ್ಥೆಯನ್ನು ನಂಬಿ ಕೂರಬೇಡಿ. ನಿಮ್ಹಾನ್ಸ್ ಅಲ್ಲದೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ರಾಂಚಿಯ ಕೇಂದ್ರೀಯ ಮನೋರೋಗ ಸಂಸ್ಥೆ ಮುಂತಾದ ಕಡೆಯೂ ವಿಚಾರಿಸಿ. ವಿದೇಶಕ್ಕೆ ಹೋಗುವ ಮನಸ್ಸಿದ್ದವರಿಗೆ ಒಂದು ಮಾತು. ಅಮೆರಿಕದಲ್ಲಿ ದಾರಿ ಇನ್ನೂ ಉದ್ದ. ಡಾಕ್ಟರೇಟ್ ಓದಿನ ಭಾಗವಾಗಿ ಒಂದು ವರ್ಷದ ಇಂಟರ್ನ್‌ಷಿಪ್, ಅದರ ನಂತರ ಎರಡು ವರ್ಷದ ವಿಶೇಷ ತರಬೇತಿ ಬೇಕೆಂದು 1997ರಲ್ಲಿ ಹ್ಯೂಸ್ಟನ್ ನಗರದಲ್ಲಿ ಸೇರಿದ ತಜ್ಞರ ಸಮ್ಮೇಳನ ಗೊತ್ತುಮಾಡಿತು. ಅಲ್ಲಿಯೂ ಕೇಳುವುದು ಇದನ್ನೇ: ಏನು ಓದಿದಿರಿ, ಯಾರ ಕೈಕೆಳಗೆ ಎಷ್ಟು ಕೆಲಸ ಮಾಡಿದಿರಿ, ಏನು ಶೋಧಿಸಿದಿರಿ.

ಕೊನೆಯದಾಗಿ ತಂದೆತಾಯಿಯರಲ್ಲಿ ಒಂದು ಅರಿಕೆ. ಪದವಿ ಮೂರು ವರ್ಷ, ಸ್ನಾತಕೋತ್ತರ ಎರಡು ವರ್ಷ, ತರಬೇತಿ ಎರಡು ವರ್ಷ. ನಡುವೆ ಒಂದು ಸಲ ಸೋತರೆ ಇನ್ನೊಂದು ವರ್ಷ. ಅಷ್ಟು ಹೊತ್ತಿಗೆ ನೆಂಟರು ಮಗಳ ಮದುವೆಯ ಮಾತೆತ್ತುತ್ತಾರೆ, ಮಗನಾದರೆ ಸಂಬಳದ ಮಾತೆತ್ತುತ್ತಾರೆ. ನಿಮ್ಮ ಕಷ್ಟ ನನಗೆ ಗೊತ್ತು. ಆದರೆ ಮೊದಲ ಸಲ ಸಿಗದಿದ್ದರೆ ಓದು ವ್ಯರ್ಥವಾಗುವುದಿಲ್ಲ. ಆ ನಡುವಣ ವರ್ಷದಲ್ಲಿ ವಿಶೇಷ ಶಾಲೆಯಲ್ಲೋ, ಪುನರ್ವಸತಿ ಕೇಂದ್ರದಲ್ಲೋ, ಸಂಶೋಧನೆಯ ಸಹಾಯಕರಾಗಿಯೋ ಕೆಲಸ ಮಾಡಬಹುದು. ಅದೇ ಮರುವರ್ಷದ ಅರ್ಜಿಗೆ ಬಲವಾಗುತ್ತದೆ. ಆ ಒಂದು ವರ್ಷವನ್ನು ಮಕ್ಕಳಿಗೆ ಕೊಡಿ.

ಹೊಸೂರು ರಸ್ತೆಯ ಆ ಆಸ್ಪತ್ರೆಯ ಬೆಂಚಿನ ಮೇಲೆ ನಾಳೆಯೂ ನಮ್ಮ ಕಡೆಯ ತಾತನೊಬ್ಬರು ಕುಳಿತಿರುತ್ತಾರೆ. ಅವರ ಎದುರು ಕುಳಿತು, ಅವರ ಮಾತಿನಲ್ಲೇ, “ಎಷ್ಟು ದಿನದಿಂದ ಹೀಗಾಗಿದೆ ತಾತ?” ಎಂದು ಕೇಳುವ ಒಬ್ಬ ಹುಡುಗಿ ನಮ್ಮ ಅಂಚೆಟ್ಟಿಯವಳೋ ತಳಿಯವಳೋ ಆಗಿದ್ದರೆ, ತಾತನ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಉಳಿದ ಅರ್ಧಕ್ಕೆ ಅವಳು ಕಲಿತ ವಿದ್ಯೆ ಇದೆ.